ಹೆಸರು ಬದಲಿಸೀರಿ, ಜೋಕೆ!

ಮೊದಲೆಲ್ಲ ವೇದಿಕೆಯಿಂದ ಮಿಕ್ಸರ್‌ವರೆಗೆ ದಪ್ಪ ಮಲ್ಟಿಕೋರ್ ಕೇಬಲ್ ಎಳೆಯಲು ನಾಲ್ಕು ಹುಡುಗರು ಬೇಕಿತ್ತು. ಈಗ ನೆಟ್‌ವರ್ಕ್ ಮೂಲಕವೇ ಧ್ವನಿ ಸಾಗಿಸುವ, ಸಿಡ್ನಿಯ ಆಡಿನೇಟ್ ಕಂಪನಿಯ 'ಡಾಂಟೆ' ತಂತ್ರಜ್ಞಾನ ಬಂದಿದೆ. ಗಿಗಾಬಿಟ್ ನೆಟ್‌ವರ್ಕಿನ ಒಂದೇ ತಂತಿಯಲ್ಲಿ, 48 ಕಿಲೋಹರ್ಟ್ಸ್‌ನಲ್ಲಿ, ಹೋಗಲು 512, ಬರಲು 512 ಚಾನೆಲ್! ನಮ್ಮ ಆರ್ಕೆಸ್ಟ್ರಾಕ್ಕೆ ಬೇಕಿರುವುದು ಹದಿನಾರು, ಅದಿರಲಿ.

ಕಂಪ್ಯೂಟರ್ ಪರದೆಯ ಚೌಕದಲ್ಲಿ ಒಂದು ಕ್ಲಿಕ್. ಹಸಿರು ಟಿಕ್ ಬಿತ್ತೆಂದರೆ ಮೈಕಿಗೂ ಮಿಕ್ಸರಿಗೂ ಸಂಬಂಧ ಕುದುರಿತು. ಆದರೆ ಆ ಸಂಬಂಧ ನಿಂತಿರುವುದೇ ಸಾಧನದ ಹೆಸರಿನ ಮೇಲೆ. ಯಾರೋ ಉತ್ಸಾಹಿ, ಮೈಕುಗಳೆಲ್ಲ ಸೇರುವ ಸ್ಟೇಜ್ ಬಾಕ್ಸಿಗೆ ಹೊಸ ನಾಮಕರಣ ಮಾಡಿದನೋ, ಎಲ್ಲ ಮೈಕೂ ಗಪ್‌ಚುಪ್. ಗಾಯಕರು "ಹಲೋ, ಚೆಕ್" ಅನ್ನುತ್ತಲೇ ಇರುತ್ತಾರೆ, ಹುಡುಗ ಬ್ಯಾಟರಿ ಬದಲಿಸುತ್ತಲೇ ಇರುತ್ತಾನೆ.

ಪುಣ್ಯಾತ್ಮರೇ, ಹೆಸರಿಡುವ ಚಪಲವನ್ನು ಜೋಡಣೆಗೆ ಮೊದಲೇ ತೀರಿಸಿಕೊಳ್ಳಿ. ನೆಟ್‌ವರ್ಕ್ ಸ್ವಿಚ್ಚಿನಲ್ಲಿ ವಿದ್ಯುತ್ ಉಳಿತಾಯದ ಆಯ್ಕೆಯಿದ್ದರೆ, ಧ್ವನಿ ಕಡಿಯದಂತೆ ಅದನ್ನೂ ಆಫ್ ಮಾಡಿಬಿಡಿ.