ಕಣ್ಣಿಯ ಎರಡು ತುದಿ

ಬಂಧುಗಳ ಮನೆಯ ಮದುವೆ ಮುಂಜಿಗಳಿಗೆ ನಾವು ಗಂಡಹೆಂಡಿರು ಜೊತೆಯಾಗಿ ಹೋಗಿ, ಒಂದು ರಾತ್ರಿಯನ್ನಾದರೂ ಅಲ್ಲಿ ಕಳೆದು, ಇಂದಿಗೆ 11 ವರ್ಷಗಳಾದುವು. ನಮ್ಮಿಬ್ಬರಲ್ಲಿ ಮನಸ್ತಾಪವಿದೆಯೆಂದು ಕೆಲವರೂ, ನಮಗೆ ಧನಮದವೇರಿದೆಯೆಂದು ಮತ್ತೆ ಕೆಲವರೂ ಆಡಿಕೊಳ್ಳುತ್ತಿರುವುದು ನನ್ನ ಕಿವಿಗೂ ಬಿದ್ದಿದೆ. ಎರಡನೆಯ ಆಪಾದನೆಯನ್ನು ಕೇಳಿದ ದಿನ ನನಗೆ ಒಳಗೊಳಗೇ ಸಂತೋಷವಾಯಿತೆಂಬುದನ್ನೂ ಮರೆಮಾಚಲಾರೆ. ನಿಜವಾದ ಕಾರಣವು ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಮೆಲುಕು ಹಾಕುತ್ತ ನಿಂತಿದೆ. ಅದರ ಹೆಸರು ಗೌರಿ. ನಮ್ಮೂರ ನಾಲಗೆಯಲ್ಲಿ ಧನವೂ ದನವೂ ಒಂದೇ ಉಚ್ಚಾರಕ್ಕೆ ಇಳಿದುಬಿಟ್ಟಿರುವುದರಿಂದ ಬಂಧುಗಳ ಮಾತು ಪೂರ್ತಿ ಸುಳ್ಳೆನ್ನುವಂತೆಯೂ ಇಲ್ಲ.

ಸಾಗರದ ಸೀಮೆಯ ಅಡಕೆ ತೋಟಗಳ ಮಗ್ಗುಲಲ್ಲಿ ವಾಸಿಸುವವರಿಗೆ ಗೌರಿಯ ಕುಲಗೋತ್ರಗಳನ್ನು ವಿವರಿಸಬೇಕಾಗಿಲ್ಲ. ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ. ಅವಳು ಮಲೆನಾಡು ಗಿಡ್ಡ. ಅಮೃತಮಹಲಿನ ಗಾಂಭೀರ್ಯವನ್ನಾಗಲಿ ಹಳ್ಳಿಕಾರಿನ ಠೀವಿಯನ್ನಾಗಲಿ ಅವಳಲ್ಲಿ ಹುಡುಕಬಾರದು. ನಿಂತರೆ ನನ್ನ ಸೊಂಟದೆತ್ತರ. ಮಳೆಗಾಲವಿಡೀ ನೆನೆದರೂ ಒಂದು ಸೀನು ಸೀನದ ದೇಹ. ಕಡಿದಾದ ದರೆಯನ್ನು ಆಡಿನಂತೆ ಹತ್ತಿ ಪರರ ಗದ್ದೆಗೆ ಇಳಿಯುವ ಚಾತುರ್ಯ. ದಿನಕ್ಕೆ 2 ಲೀಟರು ಹಾಲು ಕೊಟ್ಟಳೆಂದರೆ ಅದೇ ಮಹಾಪ್ರಸಾದ. ನಮ್ಮ ಹಿರಿಯರು ಇಂಥ ದನಗಳನ್ನು ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆಂದೇ ಕಟ್ಟುತ್ತಿದ್ದರು. ಗುಡ್ಡದ ಸೊಪ್ಪನ್ನೂ ದರಗನ್ನೂ ಅವುಗಳ ಕಾಲಡಿಗೆ ಹಾಸಿ, ಅವು ತುಳಿದು ಹದಗೊಳಿಸಿದ ಸಾರವನ್ನು ಅಡಕೆಯ ಬುಡಕ್ಕೆ ಹೊತ್ತು, ಅಡಕೆಯನ್ನು ಮಾರಿ ಸಾಲ ತೀರಿಸಿ, ಮತ್ತೆ ಸಾಲ ಮಾಡುವುದು ಅವರ ಪದ್ಧತಿ. ಈ ಲೆಕ್ಕದಲ್ಲಿ ಪ್ರೀತಿಯೆಂಬ ಬಾಬತ್ತು ಎಲ್ಲಿಯೂ ಇರಲಿಲ್ಲ. ಅದನ್ನು ಸೇರಿಸಿ ಲೆಕ್ಕವನ್ನು ಕೆಡಿಸಿದವರು ನಾವು.

ಕೆಡಿಸಿದವಳು ನನ್ನ ಮನೆಯಾಕೆ ಎಂದರೆ ಇನ್ನೂ ಸರಿಯಾದೀತು. ತಾಯಿಯನ್ನು ಬೇಗ ಕಳೆದುಕೊಂಡ ಗೌರಿಯನ್ನು ಅವಳು ಗಂಜಿ ಕುಡಿಸಿ ಬೆಳೆಸಿದ್ದರ ಫಲವಾಗಿ, ಆ ಹಸು ಕರು ಹಾಕಿದ ಮೇಲೆ ಅವಳೊಬ್ಬಳಿಗಲ್ಲದೆ ಅನ್ಯರಿಗೆ ಹಾಲು ಬಿಡಲೊಲ್ಲದಾಯಿತು. ಆಕೆ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋದ ವರ್ಷ ನಾನು ಚೆಂಬು ಹಿಡಿದು ಕೆಚ್ಚಲ ಬಳಿ ಕುಳಿತರೆ, ಗೌರಿಯು ನನ್ನನ್ನು ಒಮ್ಮೆ ಹೊರಳಿ ನೋಡಿ, ಇದ್ದಬದ್ದ ಹಾಲನ್ನೆಲ್ಲ ಮೇಲಕ್ಕೆ ಸೆಳೆದುಕೊಂಡು, ಶಿಲಾಮೂರ್ತಿಯಂತೆ ನಿಂತುಬಿಟ್ಟಳು. ನೆರೆಮನೆಯ ಅಜ್ಜಿ ಬೇಲಿಯಾಚೆಯಿಂದಲೇ, "ಅವಳ ಸೀರೆ ಉಟ್ಕೊಂಡು ಕೂರೋ ತಮ್ಮಾ, ಇದಕ್ಕೆಲ್ಲ ನಾಚಿಕೆ ಎಂಥದು?" ಎಂದು ಉಪಾಯ ಹೇಳಿದರು. ಹಳ್ಳಿಗಳಲ್ಲಿ ಇದು ಪರೀಕ್ಷಿತವಾದ ಉಪಾಯವೇ; ಮೂಸಿ ಗುರುತಿಸುವ ಪ್ರಾಣಿಗೆ ಉಟ್ಟವರಿಗಿಂತ ಉಡುಗೆಯೇ ಪ್ರಮಾಣ.

ಮರುದಿನ ಬೆಳಗ್ಗೆ ಮನೆಯಾಕೆಯ ಹಳೆಯ ಸೀರೆಯನ್ನು ಹೇಗೋ ಸುತ್ತಿಕೊಂಡು, ಮೀಸೆ ಕಾಣದಂತೆ ಸೆರಗು ಎಳೆದುಕೊಂಡು ಕುಳಿತೆನು. ಗೌರಿ ಮೂಸಿದಳು, ನಿಟ್ಟುಸಿರಿಟ್ಟಳು, ಹಾಲು ಬಿಟ್ಟಳು. ಚೆಂಬಿನಲ್ಲಿ ಮೊದಲ ಧಾರೆಗಳು ಸೊರ್ರೆಂದು ನಾದಗೈಯುತ್ತಿರುವ ಆ ಧನ್ಯ ಮುಹೂರ್ತದಲ್ಲಿಯೇ ಕಂದಾಯದ ವಿಷಯವಾಗಿ ಬಂದಿದ್ದ ಶಾನುಭೋಗರು ಕೊಟ್ಟಿಗೆಯ ಬಾಗಿಲಲ್ಲಿ ಕೆಮ್ಮಿ, "ಯಜಮಾನರು ಮನೆಯಲ್ಲಿದ್ದಾರೇನಮ್ಮಾ?" ಎಂದು ಕೇಳಿದರು. ಬಾಯಿ ತೆರೆದರೆ ಹಾಲು ನಿಲ್ಲುತ್ತದೆ, ಮಾನವೂ ಹೋಗುತ್ತದೆ. ಬೆನ್ನು ತಿರುಗಿಸದೆಯೇ ತಲೆಯಲ್ಲಾಡಿಸಿದೆನು. ಅವರು ಹೊರಟುಹೋದರು. ವಾರದ ಸಂತೆಯಲ್ಲಿ ಸಿಕ್ಕಿದಾಗ ಆ ಸಜ್ಜನರು, "ನಿಮ್ಮ ಮನೆಯವರದು ಎಂಥ ಮರ್ಯಾದೆ ರಾಯರೇ! ಈ ಕಾಲದಲ್ಲಿ ಸೆರಗು ತೆಗೆಯದೆ ಉತ್ತರ ಕೊಡುವವರು ಯಾರಿದ್ದಾರೆ?" ಎಂದು ಹತ್ತು ಜನರ ಮುಂದೆ ಕೊಂಡಾಡಿದರು. ತವರಿನಿಂದ ಮರಳಿದ ಮನೆಯಾಕೆಗೆ ಇದನ್ನು ತಿಳಿಸಿದೆ. ತಾನು ಮನೆಯಲ್ಲಿದ್ದಷ್ಟು ದಿನ ಯಾರಿಂದಲೂ ಬಾರದ ಪ್ರಶಂಸೆ ಇಲ್ಲದಿದ್ದಾಗ ಬಂದಿತೆಂದು ಅವಳು ಮೂರು ದಿನ ಮುನಿಸಿಕೊಂಡಿದ್ದಳು.

ಪಾಶದಿಂದ ಕಟ್ಟುವಡೆದುದು ಪಶುವೆಂದು ಬಲ್ಲವರು ಹೇಳುತ್ತಾರೆ. ಆದರೆ ಕಣ್ಣಿಗೆ ಎರಡು ತುದಿಗಳಿವೆಯೆಂಬುದನ್ನೂ, ಗೂಟಕ್ಕೆ ಬಿಗಿದ ತುದಿಯಲ್ಲಿ ಯಾರಿದ್ದಾರೆಂಬುದನ್ನೂ ಅವರು ವಿಚಾರಿಸಿದಂತಿಲ್ಲ. ಭಾಗವತದ ಪಂಚಮ ಸ್ಕಂಧದ ಭರತ ಮಹಾರಾಜನು ರಾಜ್ಯವನ್ನು ತೊರೆದನು, ಮಕ್ಕಳನ್ನು ತೊರೆದನು. ಕೊನೆಗೆ ಹೊಳೆಯಲ್ಲಿ ತೇಲಿಬಂದ ತಬ್ಬಲಿ ಜಿಂಕೆಮರಿಯೊಂದರ ಕೈಗೆ ಸಿಕ್ಕಿಬಿದ್ದು, ಅದನ್ನೇ ನೆನೆಯುತ್ತ ದೇಹಬಿಟ್ಟು, ಮುಂದಿನ ಜನ್ಮದಲ್ಲಿ ಜಿಂಕೆಯಾಗಿ ಹುಟ್ಟಿದನು. ಪುರಾಣಿಕರು ಇದನ್ನು ಎಚ್ಚರಿಕೆಯೆಂದು ಓದುತ್ತಾರೆ. ನನ್ನ ಮನೆಯಾಕೆ ಕೇಳಿ, "ಇಷ್ಟೇ ತಾನೆ?" ಎಂದಳು.

ನಾಯಿಯ ವಿಷಯವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಮಲೆನಾಡಿನ ವಾಡಿಕೆಯಂತೆ ಅದಕ್ಕೆ ಹುಲಿಯ ಎಂದು ಹೆಸರಿಟ್ಟಿದ್ದೆವು. ಅದು ಬೆಕ್ಕಿಗೆ ಹೆದರಿ ಬಚ್ಚಲ ಒಲೆಯ ಬೂದಿಯಲ್ಲಿ ಮಲಗುತ್ತಿತ್ತು. ಧರ್ಮರಾಯನೊಡನೆ ಸ್ವರ್ಗದ ಬಾಗಿಲಿನವರೆಗೆ ನಡೆದ ನಾಯಿಯ ವಂಶಕ್ಕೂ ಇದಕ್ಕೂ ಸಂಬಂಧವಿದ್ದಂತೆ ತೋರಲಿಲ್ಲ, ಏಕೆಂದರೆ ಇದು ನನ್ನೊಡನೆ ತೋಟದ ಉಣುಗೋಲನ್ನು ದಾಟಿ ಬಂದುದೇ ಅಪರೂಪ. 1957ರಲ್ಲಿ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಬರುವುದೆಂದು ತಿಳಿದಂದಿನಿಂದ ನಮ್ಮ ಕಡೆಯವರಿಗೆ ಆ ಹುಳವೆಂದರೆ ಯಮಭಟ. ಆದಕಾರಣ ಬೇಸಗೆಯ ಸಂಜೆಗಳಲ್ಲಿ ಹುಲಿಯನ ಕಿವಿಗಳನ್ನು ಮಡಚಿ, ಗೌರಿಯ ಗಂಗೆದೊಗಲನ್ನು ಸವರಿ, ಉಣುಗು ಹೆಕ್ಕಿ ಬೆಂಕಿಗೆ ಹಾಕುವುದು ನನ್ನ ಸಂಧ್ಯಾವಂದನೆಯಾಗಿತ್ತು. ಒಂದು ಮಾಗಿಯ ರಾತ್ರಿ ಅಂಗಳದಲ್ಲಿ ಏನೋ ಒಮ್ಮೆ ಕುಂಯ್‌ಗುಟ್ಟಿತು. ಬೆಳಗ್ಗೆ ಬೂದಿಯಲ್ಲಿ ಹುಲಿಯನಿರಲಿಲ್ಲ. ಕೆಸರಿನಲ್ಲಿ ಚಿರತೆಯ ಹೆಜ್ಜೆಗಳಿದ್ದುವು. ಹೆದರುಪುಕ್ಕಲ ಪ್ರಾಣಿ ಆ ಚಳಿಯಲ್ಲಿ ಬೆಚ್ಚನೆಯ ಒಲೆಯನ್ನು ಬಿಟ್ಟು ಹೊರಗೆ ಹೋದುದಾದರೂ ಏತಕ್ಕೆಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಅಂದು ಕೊಟ್ಟಿಗೆಯ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ.

ಗೌರಿಯ ಕೊನೆಯ ಕರು ಕಾಲುಬಾಯಿ ಜ್ವರದಲ್ಲಿ ಹೋಯಿತು. ದೀಪಾವಳಿಯ ಗೋಪೂಜೆಗೆ ಇನ್ನು ಎಂಟು ದಿನಗಳಿದ್ದುವು. ಅದರ ಪುಟ್ಟ ಕೊರಳಿಗೆಂದೇ ಚೆಂಡುಹೂವೂ ಪಚ್ಚೆತೆನೆಯೂ ಅಡಕೆಯೂ ಕೂಡಿದ ಸರದ ಅಳತೆಯನ್ನು ಮನೆಯಾಕೆ ತೆಗೆದಿಟ್ಟಿದ್ದಳು. ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸಿದರೆ ತಾಯಿ ಅದನ್ನು ನೆಕ್ಕುತ್ತ ಹಾಲು ಬಿಡುವಳೆಂದು ಹಿತೈಷಿಗಳು ಸಲಹೆಯಿತ್ತರು. ಹೀಗೆ ಮಾಡುವುದುಂಟು, ಮಾಡುವವರನ್ನು ನಾನು ನಿಂದಿಸೆನು. ಹಾಲಿಲ್ಲದೆ ಅವರ ಮಕ್ಕಳಿಗೆ ಗತಿಯಿಲ್ಲದಿರಬಹುದು. ಸೀರೆಯುಟ್ಟು ಅವಳನ್ನು ವಂಚಿಸಿದವನಾದ ನನಗೆ ಧರ್ಮ ಹೇಳುವ ಅಧಿಕಾರವೂ ಇರಲಿಲ್ಲ. ಮನೆಯಾಕೆ ಮಾತ್ರ, "ಬೇಡ" ಎಂಬ ಒಂದೇ ಮಾತನ್ನಾಡಿ ಒಳಗೆ ಹೋದಳು. ಹಾಲು ಬತ್ತಿತು. ಕರುವಿನ ಕಣ್ಣಿ ಕೊಟ್ಟಿಗೆಯ ಜಂತಿಯಲ್ಲಿ ಇಂದಿಗೂ ನೇತಾಡುತ್ತಿದೆ.

ಅದಾಗಿ ಐದು ವರ್ಷಗಳು ಕಳೆದಿವೆ. ಗೌರಿ ಮತ್ತೆ ಗಬ್ಬವಾಗಲಿಲ್ಲ. ಕರೆಯುವ ಕೆಲಸವೇ ಇಲ್ಲವಾದುದರಿಂದ ನಾವೀಗ ಎಲ್ಲಿಗೆ ಬೇಕಾದರೂ ಹೋಗಬಹುದೆಂದು ತರ್ಕಬಲ್ಲವರು ವಾದಿಸುತ್ತಾರೆ, ತರ್ಕವು ನಿರ್ದುಷ್ಟವಾಗಿದೆ. ಆದರೆ ಸಂಜೆಯ ಅಕ್ಕಚ್ಚನ್ನು ಮನೆಯಾಕೆಯೇ ಇಡದಿದ್ದರೆ ಗೌರಿ ಮುಟ್ಟುವುದಿಲ್ಲ, ಕೂಗುತ್ತಾಳೆ, ಆ ಕೂಗು ಅಡಕೆ ತೋಟವನ್ನು ದಾಟಿ ಮೂರು ಮನೆಗಳ ನಿದ್ದೆಯನ್ನು ಕೆಡಿಸುತ್ತದೆ. ಹೀಗಾಗಿ ಈಗಲೂ ಮದುವೆಗೆ ನಮ್ಮಲ್ಲಿ ಒಬ್ಬರು ಹೋಗುತ್ತೇವೆ, ಒಬ್ಬರು ಉಳಿಯುತ್ತೇವೆ.

ಮೊನ್ನೆ ಶುಕ್ರವಾರ ಅಂಚೆಯಲ್ಲಿ ಅರಿಸಿನ ಕುಂಕುಮ ಹಚ್ಚಿದ ಲಗ್ನಪತ್ರಿಕೆಯೊಂದು ಬಂದಿತು. ಅದನ್ನು ಜಗಲಿಯ ಮೇಲಿಟ್ಟು ಕನ್ನಡಕ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಕಣ್ಣಿ ಕಿತ್ತುಕೊಂಡು ಬಂದಿದ್ದ ಗೌರಿ ಅದನ್ನು ಮುಕ್ಕಾಲು ಪಾಲು ತಿಂದು ಮುಗಿಸಿದ್ದಳು. ಉಳಿದ ಚೂರಿನಲ್ಲಿ "ಸಕುಟುಂಬ ಸಪರಿವಾರರಾಗಿ" ಎಂಬುದಷ್ಟೇ ಓದಲು ಬರುತ್ತದೆ. ಕಳುಹಿಸಿದ ಬಂಧುಗಳು ಯಾರೇ ಆಗಿರಲಿ, ದಯವಿಟ್ಟು ಊರನ್ನೂ ಮುಹೂರ್ತವನ್ನೂ ಇನ್ನೊಂದು ಕಾರ್ಡಿನಲ್ಲಿ ಬರೆದು ತಿಳಿಸಬೇಕು. ನಮ್ಮಲ್ಲಿ ಒಬ್ಬರು ಖಂಡಿತ ಬರುತ್ತೇವೆ.