ಜೆರಾಕ್ಸ್ ಅಣ್ಣ

ಕಾರಹುಣ್ಣಿಮೆಯ ಬಂಡಿ ನೋಡಲು ಸುತ್ತಲಿನ ಊರುಗಳೆಲ್ಲ ನೆರೆಯುವ ಕರ್ಜಗಿಯಲ್ಲಿ ಉಳಿದ ದಿನಗಳಂದು ಜನ ನೆರೆಯುವುದು ಜೆರಾಕ್ಸ್ ಅಣ್ಣನ ಅಂಗಡಿಯ ಮುಂದೆ. ಅಣ್ಣನ ವಯಸ್ಸು ಮೂವತ್ತೋ ಐವತ್ತೋ ಹೇಳುವುದು ಕಷ್ಟ. ಎಪ್ಪತ್ತರ ಮುದುಕನಿಗೂ ಅವನು ಅಣ್ಣನೇ. ಬೋರ್ಡಿನ ಮೇಲೆ ‘ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ’ ಎಂದಿದೆ. ನಿಜವಾದ ಕಸುಬು ಅಲ್ಲಿಲ್ಲ. ಪರಸ್ಪರ ಮಾತು ಬಿಟ್ಟಿರುವ ಫೋನು ಮತ್ತು ಕಂಪ್ಯೂಟರುಗಳ ನಡುವೆ ಓಡಾಡಿ ಸುದ್ದಿ ಮುಟ್ಟಿಸುವುದೇ ಅವನ ಉದ್ಯೋಗ.

“ಅಣ್ಣಾ, ಇದರಾಗಿಂದು ಅದರಾಗ ಹಾಕಿ ಒಂದು ಪ್ರಿಂಟ್ ಕೊಡು” ಎನ್ನುತ್ತಾನೆ ಗಿರಾಕಿ. ಅಣ್ಣ ಡ್ರಾವರ್ ಎಳೆಯುತ್ತಾನೆ. ಎಲ್ಲಕ್ಕೂ ಒಂದೇ ವೈರು ಸಾಕೆಂಬ ಆಸೆ ತೋರಿಸಿ 1996ರಲ್ಲಿ ಯುಎಸ್‌ಬಿ ಬಂತಲ್ಲ, ಆ ಒಂದೇ ವೈರಿನ ಹತ್ತಾರು ಸಂತಾನ ಅಲ್ಲಿ ಸಿಕ್ಕು ಹಾಕಿಕೊಂಡು ಮಲಗಿದೆ. ಒಂದನ್ನು ಬಿಡಿಸಿ ಚುಚ್ಚಿದರೆ ಫೋನು ಚಾರ್ಜ್ ಆಗತೊಡಗುತ್ತದೆ. ಕಂಪ್ಯೂಟರಿಗೆ ಅದರ ಪರಿವೆಯೇ ಇಲ್ಲ. “ಈ ವೈರು ಬರೇ ಉಣ್ಣಾಕ ಹಾಕತೈತಿ, ಮಾತಾಡಸಂಗಿಲ್ಲ” ಎಂದು ಅಣ್ಣ ಅದನ್ನು ಮತ್ತೆ ಡ್ರಾವರಿಗೇ ಎಸೆಯುತ್ತಾನೆ, ಇನ್ನೊಬ್ಬ ಗಿರಾಕಿಗೂ ಅದೇ ಕೈಗೆ ಸಿಗಲೆಂದು. ಮಾತಾಡಿಸುವ ವೈರು ಸಿಗುವ ಹೊತ್ತಿಗೆ ಫೋನು ಲಾಕ್ ಆಗಿರುತ್ತದೆ. ಲಾಕ್ ತೆಗೆಯಬೇಕಾದ ಬೆರಳು ಎದುರಿನ ಹೋಟೆಲ್‌ನಲ್ಲಿ ಮಿರ್ಚಿ ಹಿಡಿದಿರುತ್ತದೆ.

ಅಣ್ಣನ ಪ್ರತಿಭೆ ಪೂರ್ತಿ ಕಾಣಬೇಕಾದರೆ ಮದುವೆ ಸುಗ್ಗಿಯಲ್ಲಿ ಹೋಗಬೇಕು. “ಬೀಗರ ಹೆಸರು ಎಲ್ಲಾ ವಾಟ್ಸ್‌ಆ್ಯಪ್‌ನ್ಯಾಗ ಟೈಪ್ ಮಾಡೇನಿ. ನೀ ಬರೇ ಕಾಪಿ ಹೊಡಿ” ಎಂದು ಮದುಮಗನ ಕಾಕಾ ಹೆಮ್ಮೆಯಿಂದ ಹೇಳುತ್ತಾನೆ. ಕಾಕಾನ ಫೋನಿನದು ಯೂನಿಕೋಡ್ ಕನ್ನಡ. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್ ನಮ್ಮ ಲಿಪಿಗೆ ಮಣೆ ಹಾಕಿತ್ತು. ಅಣ್ಣ ಲಗ್ನಪತ್ರಿಕೆ ಮಾಡುವ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆದರೂ ಅದಕ್ಕೆ ಯೂನಿಕೋಡ್ ಗೊತ್ತಿಲ್ಲ, ಅದರದು ಹಳೆಯ ನುಡಿ ಫಾಂಟಿನ ಕನ್ನಡ. ಕಾಪಿ ಹೊಡೆದರೆ ಬೀಗರೆಲ್ಲ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ನಿಲ್ಲುತ್ತಾರೆ. ಕನ್ವರ್ಟರ್‌ಗೆ ಹಾಕಿದರೆ ಒಮ್ಮೊಮ್ಮೆ ಅರ್ಕಾವತ್ತು ಕಳಚಿ ಕರ್ಜಗಿಯೇ ಬೇರೆ ಊರಾಗುತ್ತದೆ. ಕೊನೆಗೆ ಅಣ್ಣ ಫೋನನ್ನು ಮಾನಿಟರಿಗೆ ಒರಗಿಸಿ, ನೋಡಿಕೊಂಡು ಅಷ್ಟೂ ಹೆಸರನ್ನು ಹೊಸದಾಗಿ ಕುಟ್ಟುತ್ತಾನೆ. ಕಾಕಾನಿಗೆ ಅದು ಕಾಪಿ ಹೊಡೆದಂತೆಯೇ ಕಾಣುತ್ತದೆ.

ಅದೇ ಮಜಕೂರನ್ನು ತಿರುಗಿ ಫೋನಿಗೆ ಕಳಿಸಿದಾಗ ಇನ್ನೊಂದು ಫಜೀತಿ. ಹಳೆಯ ನುಡಿಯ ‘ನ’ ಅಲ್ಲಿ ಬ್ರಿಟಿಷ್ ಪೌಂಡಿನ ಗುರುತಾಗಿ ಮೂಡುತ್ತದೆ. ವರನ ಹೆಸರು ನಾಗನಗೌಡ ಎಂದಿದ್ದರೆ ಒಂದೇ ಹೆಸರಿನಲ್ಲಿ ಎರಡು ಪೌಂಡು. ಹೆಣ್ಣಿನ ಕಡೆಯವರು ಗಾಬರಿಯಿಂದ ಫೋನ್ ಹಚ್ಚುತ್ತಾರೆ: “ಮಾತುಕತಿ ರೂಪಾಯದಾಗ ಆಗಿತ್ತಲ್ಲರೀ?”

ಓಟಿಪಿಯದು ಬೇರೆಯೇ ಪುರಾಣ. ಮಗನ ಅರ್ಜಿ ತೆರೆದಿರುವುದು ಅಣ್ಣನ ಕಂಪ್ಯೂಟರಿನಲ್ಲಿ, ಓಟಿಪಿ ಹೋಗುವುದು ಅಪ್ಪನ ಕಿಸೆಗೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ನಡೆಯುವುದು ಸೋಮವಾರ ಮತ್ತು ಗುರುವಾರ. ಸುಗ್ಗಿಯಲ್ಲಿ ಆ ಎರಡು ದಿನ ಅಪ್ಪಂದಿರೆಲ್ಲ ಚೀಲದ ಮೇಲೆ ಕುಳಿತು ದರ ಕಾಯುತ್ತಿರುತ್ತಾರೆ. ಗದ್ದಲದಲ್ಲಿ ಫೋನೆತ್ತಿದ ಅಪ್ಪ, ಮಗ ಕೇಳಿದ್ದು ಓಟಿಪಿಯೋ ರೇಟೋ ತಿಳಿಯದೆ ಕ್ವಿಂಟಲ್ ದರ ಹೇಳುತ್ತಾನೆ. ಅಣ್ಣ ಅದನ್ನೇ ಹೊಡೆಯುತ್ತಾನೆ. ‘ತಪ್ಪು ಓಟಿಪಿ’ ಎನ್ನುತ್ತದೆ ಕಂಪ್ಯೂಟರು. “ನನಗೂ ಕಮ್ಮೀನ ಅನಸ್ತು” ಎನ್ನುತ್ತಾನೆ ಅಣ್ಣ.

ಇಷ್ಟೆಲ್ಲ ಪಡಿಪಾಟಲು ಪಟ್ಟರೂ ಅವನು ಈ ಯಂತ್ರಗಳನ್ನು ಬೈದದ್ದನ್ನು ಯಾರೂ ಕೇಳಿಲ್ಲ. ದೊಡ್ಡ ದೊಡ್ಡ ಕಂಪನಿಗಳು ಫೋನು, ಕಂಪ್ಯೂಟರು ಎರಡನ್ನೂ ಮಾಡಿ, ನಡುವಿನ ಜಾಗವನ್ನು ಅಣ್ಣನಿಗೆಂದೇ ಖಾಲಿ ಬಿಟ್ಟಿವೆ. ಅವನ ಮನೆಯ ಸ್ಲ್ಯಾಬ್ ಬಿದ್ದದ್ದು ಅದೇ ಜಾಗದ ದುಡ್ಡಿನಲ್ಲಿ.

ಧಾರವಾಡದಲ್ಲಿ ಓದುವ ಹುಡುಗನೊಬ್ಬ ರಜೆಗೆ ಬಂದಾಗ ಹೆದರಿಸಿ ನೋಡಿದ. “ಈಗ ವಿಂಡೋಸ್‌ನ್ಯಾಗ ಫೋನ್ ಲಿಂಕ್ ಅಂತ ಐತಿ ಅಣ್ಣಾ. ಎರಡೂ ತಾವ ಮಾತಾಡ್ತಾವ. ಪುಕ್ಕಟೆ. ಇನ್ನ ನಿಂದೇನು ಕೆಲಸ?”

“ಹಚ್ಚೂದು ಹೆಂಗೋ ತಮ್ಮಾ?”

“ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಅದರ ಪಾಸ್‌ವರ್ಡ್ ನೆನಪಿರಬೇಕು. ಕ್ಯೂಆರ್ ಸ್ಕ್ಯಾನ್ ಮಾಡಬೇಕು. ಆಮ್ಯಾಲೆ ಫೋನು ಕೇಳಿದ್ದಕ್ಕೆಲ್ಲ ಹೂಂ ಅನಬೇಕು.”

ಪಾಸ್‌ವರ್ಡ್ ನೆನಪಿರಬೇಕು ಎಂಬಲ್ಲಿಗೇ ಅಣ್ಣನ ಮುಖ ಅರಳಿತು. ಮಾರ್ಕರ್ ಪೆನ್ನು ಹುಡುಕಿ ತೆಗೆದು, ದರಪಟ್ಟಿಯಲ್ಲಿ ಲ್ಯಾಮಿನೇಷನ್ನಿನ ಕೆಳಗೆ ಬರೆದ: ‘ಫೋನು–ಕಂಪ್ಯೂಟರ್ ಕೂಡಿಸಿ ಕೊಡಲಾಗುವುದು: 50 ರೂ. ಪಾಸ್‌ವರ್ಡ್ ಮರೆತವರಿಗೆ: 100 ರೂ.’