ಉಪ್ಪಿನ ಖಾನೆ

(ಅಮೃತಮಹಲ್ ದನಗಳಿಗೆ ಹೆಸರಾದ ಅಜ್ಜಂಪುರ. ಜಗಲಿಯಲ್ಲಿ ಅಜ್ಜಿ ಹುರುಳಿ ಆರಿಸುತ್ತಿದ್ದಾರೆ. ಬೆಂಗಳೂರಿನ ಮೊಮ್ಮಗನ ಮುಂದೆ ಲ್ಯಾಪ್‌ಟಾಪ್.)

ಅಜ್ಜಿ: ರಜಾ ಹಾಕಿ ಬಂದು ಅದೇನೋ ಕುಟ್ತಾ ಕೂತಿದೀಯ?

ಮೊಮ್ಮಗ: ಟೂಲಿಗೆ ಡಾಕ್ಯುಮೆಂಟೇಶನ್ ಅಜ್ಜಿ. ಉಳಿಸಿಟ್ಟ ಅಡುಗೆ ವಿಧಾನಾನ ಎಐ ಏಜೆಂಟೇ ತಿದ್ದುತ್ತೆ. ಹೆಂಗೆ ತಿದ್ದಬೇಕು ಅಂತ ಅದಕ್ಕೆ ಬರೆದುಕೊಡೋದು.

ಅಜ್ಜಿ: ಅದಕ್ಕೆ ನಾಲಿಗೆ ಐತಾ?

ಮೊಮ್ಮಗ: ಇಲ್ಲ. ನಿನ್ನ ಹುರುಳಿಕಟ್ಟಿನ ಸಾರಿಗೆ ಉಪ್ಪು ಒಂಚೂರು ಜಾಸ್ತಿ ಮಾಡು ಅಂದೆ. ಉಪ್ಪೊಂದೇ ಉಳಿಸ್ತು. ಹುರುಳಿ, ಬೆಳ್ಳುಳ್ಳಿ, ಕಾಯಿ ಎಲ್ಲ ಅಳಿಸಿಹೋಯ್ತು. ಏಜೆಂಟ್ ಕಳಿಸಿದ ಪಟ್ಟಿ ಹಳೇ ಪಟ್ಟಿಗೆ ಸೇರಲ್ಲ, ಅದರ ಜಾಗಕ್ಕೇ ಬಂದು ಕೂರುತ್ತೆ. ಅದನ್ನ ನಾನು ಬರೆದಿರಲಿಲ್ಲ.

ಅಜ್ಜಿ: ಒಂದು ಹೆಂಚು ಬದಲಿಸು ಅಂದ್ರೆ ಮನೇನೇ ಕೆಡವಿದಂಗೆ.

(ಅವನ ನಾಲ್ಕು ಪುಟದ ಡಾಕ್ಯುಮೆಂಟೇಶನ್‌ಗಿಂತ ಅಜ್ಜಿಯ ಈ ಸಾಲೇ ಸ್ಪಷ್ಟವಾಗಿದೆ ಅನ್ನುವುದು ಈ ಪ್ರಸಂಗ ಬರೆದವನ ಅಭಿಪ್ರಾಯ.)

ಮೊಮ್ಮಗ: ಈಗ ಎಲ್ಲ ಮತ್ತೆ ತುಂಬಬೇಕು. ಕಾಯಿ ಎಷ್ಟು?

ಅಜ್ಜಿ: ಕಡೂರಿನ ಬಲಿತ ಕಾಯಾದ್ರೆ ಒಂದು ಹೋಳು. ಸಣ್ಣದಾದ್ರೆ ಪೂರ್ತಿ.

ಮೊಮ್ಮಗ: ಗ್ರಾಂ ಹೇಳಜ್ಜಿ! ಉಪ್ಪು?

ಅಜ್ಜಿ: ರುಚಿಗೆ ತಕ್ಕಷ್ಟು.

ಮೊಮ್ಮಗ: ಉಪ್ಪಿನ ಖಾನೆ ಸಂಖ್ಯೆ ಬಿಟ್ಟು ಬೇರೇನೂ ತಗೊಳಲ್ಲ.

ಅಜ್ಜಿ: ತರೀಕೆರೆ ಚಿಕ್ಕಪ್ಪನಿಗೆ ಬಿಪಿ. ಅವನು ಬಂದ ದಿನ ಕಮ್ಮಿ. ಅದಕ್ಕೂ ಒಂದು ಖಾನೆ ಮಾಡು.

ಮೊಮ್ಮಗ: ಕವಿ ಮೂರನೇ ಮಂಗರಸ 1508ರ ಸುಮಾರಿಗೇ ‘ಸೂಪಶಾಸ್ತ್ರ’ ಬರೆದ. ಅಡುಗೆ ಬರೆದಿಡೋದು ಹೊಸದೇನಲ್ಲ.

ಅಜ್ಜಿ: ಅವನ ಹುರುಳಿ ಯಾರಾದ್ರೂ ಅಳಿಸಿದ್ರಾ?

(ಮೊಮ್ಮಗ ಡಾಕ್ಯುಮೆಂಟೇಶನ್‌ಗೆ ಹೊಸ ಸಾಲು ಸೇರಿಸುತ್ತಾನೆ: ‘ತಿದ್ದುವ ಮುನ್ನ ಪೂರ್ತಿ ಓದು. ಅಳಿಸುವ ಮುನ್ನ ಅಜ್ಜಿಯನ್ನು ಕೇಳು.’ ಮಧ್ಯಾಹ್ನದ ಸಾರು ಅಜ್ಜಿಯೇ ಮಾಡಿದರು.)